ಓಡುವ ರೈಲಿನಲ್ಲಿ ಈ ಸಿಮ್ ಹೇಗಿದೆ: ವರ್ಷಗಟ್ಟಲೆ ಬಳಸಿದ ಮೇಲೆ

ಸ್ಪೀಡ್ ಟೆಸ್ಟ್ ಬೇಕಾದವರು ಬೇರೆ ವಿಮರ್ಶೆ ನೋಡಿ. ನನಗೆ ಬೇಕಾದ್ದು ಒಂದೇ: ರೈಲು ಓಡುವಾಗ ಕಾಲ್ ಕಟ್ ಆಗಬಾರದು. ಕೆಲಸ ಮುಗಿಸಿ ಸೀಟು ಹಿಡಿದ ಕೂಡಲೇ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು ಅಕ್ಕನಿಗೆ ಫೋನ್ ಮಾಡುವುದು ನನ್ನ ಹಳೇ ಅಭ್ಯಾಸ. ಇನ್ನೊಂದು ಕಿವಿ ನಿಲ್ದಾಣದ ಹೆಸರು ಕೇಳಿಸಿಕೊಳ್ಳಲು. ದಾರಿಯುದ್ದಕ್ಕೂ ತಕರಾರಿಲ್ಲ, ಒಂದು ಜಾಗ ಬಿಟ್ಟು. ಹಳಿ ಎಡಕ್ಕೆ ಬಾಗಿ ಎತ್ತರದ ದಿಬ್ಬಗಳ ನಡುವೆ ನುಗ್ಗುತ್ತದೆ. ಅಲ್ಲಿ "ಹಲೋ, ಕೇಳಿಸ್ತಿದೆಯಾ?" ಶುರು, ಮರುಕ್ಷಣ ಲೈನ್ ಸತ್ತಿರುತ್ತದೆ. ಈಗೀಗ ಅಕ್ಕನೇ ಮುಂಚಿತವಾಗಿ ಹೇಳುತ್ತಾಳೆ: "ನಿನ್ನ ತಿರುವು ಬಂತೇನೋ, ದಾಟಿದ್ಮೇಲೆ ಮಾಡು."

ಕಸ್ಟಮರ್ ಕೇರ್‌ನವರ ಮದ್ದು ಎಲ್ಲರಿಗೂ ಗೊತ್ತಿರುವುದೇ: ಫೋನ್ ಆಫ್ ಮಾಡಿ ಆನ್ ಮಾಡಿ. ಬೇಸತ್ತು, ಯಾವ ಟವರ್ ಹಿಡಿದಿದೆ ಎಂದು ತೋರಿಸುವ ಉಚಿತ ಆ್ಯಪ್ ಒಂದನ್ನು ಹಾಕಿಕೊಂಡೆ. ಸಿಟ್ಟು ಅರ್ಧ ಇಳಿದದ್ದು ಅದರಿಂದಲೇ.

ಮಾತು ನಡೆಯುತ್ತಿರುವಾಗಲೇ ಫೋನು ಅಕ್ಕಪಕ್ಕದ ಟವರುಗಳ ಸಿಗ್ನಲ್ಲನ್ನೂ ಅಳೆಯುತ್ತಿರುತ್ತದೆ. ಪಕ್ಕದ್ದು ಈಗಿನದಕ್ಕಿಂತ ಇಷ್ಟು ಡೆಸಿಬೆಲ್ ಜೋರಾಗಿ, ಇಷ್ಟು ಹೊತ್ತು ಹಾಗೇ ಉಳಿದರೆ ತನ್ನ ಟವರಿಗೆ ವರದಿ ಕಳಿಸುತ್ತದೆ. 4ಜಿಯಲ್ಲಿ ತೀರ್ಮಾನ ಟವರಿನದು. ಹಳೇ ಟವರು ಹೊಸದರ ಹತ್ತಿರ ಜಾಗ ಕೇಳಿ, ಸಿಕ್ಕ ಮೇಲೆ ಫೋನಿಗೆ "ಹೋಗು" ಎನ್ನುತ್ತದೆ. ಅಷ್ಟರಲ್ಲಿ ತನ್ನ ಕೈಗೆ ಬಂದ ಡೇಟಾವನ್ನು ಆ ಕಡೆಗೆ ದಾಟಿಸುತ್ತದೆ. ಸಂಪರ್ಕ ತಪ್ಪುವುದು ಕೆಲವು ಹತ್ತು ಮಿಲಿಸೆಕೆಂಡ್ ಅಷ್ಟೆ. ವೋಲ್ಟೆಯಲ್ಲಿ, ಅಂದರೆ 4ಜಿ ಮೂಲಕವೇ ಹೋಗುವ ಕಾಲ್‌ನಲ್ಲಿ, ದನಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಹೋಗುವುದರಿಂದ ಎರಡು ಮೂರು ತುಣುಕು ತಡವಾದರೂ ಕಿವಿಗೆ ತಿಳಿಯುವುದಿಲ್ಲ. ಪಕ್ಕದ ಮನೆಯವರ ಕಥೆಯನ್ನು ಅಕ್ಕ ಹೇಳುತ್ತಿರುವಾಗ ಆ್ಯಪ್‌ನ ಪರದೆಯ ಮೇಲೆ ಸೆಲ್ ನಂಬರ್ (ಫೋನ್ ಹಿಡಿದ ಟವರಿನ ಗುರುತು) ಬದಲಾಗುತ್ತದೆ, ಕಥೆಯ ಒಂದಕ್ಷರವೂ ತಪ್ಪುವುದಿಲ್ಲ. ನಿಜ ಹೇಳುತ್ತೇನೆ, ಇದನ್ನು ನೋಡುವ ಚಟವೇ ಹಿಡಿದಿದೆ.

ತಿರುವಿನಲ್ಲಿ ಆಗುವುದೇ ಬೇರೆ. ದಿಬ್ಬ ಅಡ್ಡ ಬಂದು ಹಳೇ ಟವರು ಒಮ್ಮೆಲೇ ಮಾಯ. ಗಂಟೆಗೆ 90 ಕಿ.ಮೀ. ಓಡುವ ರೈಲು ಸೆಕೆಂಡಿಗೆ 25 ಮೀಟರ್ ದಾಟುತ್ತದೆ. ಕಾಯುವ ಹೊತ್ತು ಮುಗಿದು ವರದಿ ಹೋಗುವಷ್ಟರಲ್ಲಿ "ಹೋಗು" ಎನ್ನಬೇಕಾದ ಟವರೇ ಕೇಳಿಸುವುದಿಲ್ಲ. ಆ ಹೊತ್ತನ್ನು 0ಯಿಂದ 5120 ಮಿಲಿಸೆಕೆಂಡ್ ತನಕ ಗೊತ್ತುಮಾಡಿದ ಮೆಟ್ಟಿಲುಗಳಲ್ಲಿ ಬೇಕಾದ್ದಕ್ಕೆ ಇಡಲು 4ಜಿ ನಿಯಮದಲ್ಲಿ ಅವಕಾಶವಿದೆ, ಅಂದರೆ ರಿಪೇರಿ ಕಂಪನಿಯ ಕೈಯಲ್ಲೇ ಇದೆ. ತೀರಾ ಇಳಿಸಿದರೆ ಮತ್ತೊಂದು ರಗಳೆ, ಅದರ ರುಚಿ ನಮ್ಮ ಮನೆ ಮಹಡಿಯಲ್ಲಿ ಕಂಡಿದ್ದೇನೆ: ಹಾಟ್‌ಸ್ಪಾಟ್ ಹಾಕಿ ಕೂತರೆ ಫೋನು ಎರಡು ಟವರುಗಳ ನಡುವೆ ಸಂಜೆಯೆಲ್ಲ ಅತ್ತಿಂದಿತ್ತ ಹಾರುತ್ತದೆ, ವಿಡಿಯೊ ಕಾಲ್ ಮುಗ್ಗರಿಸುತ್ತದೆ.

5ಜಿ ಬಗ್ಗೆ ಎರಡೇ ಮಾತು. ಈ ಸಿಮ್‌ನಲ್ಲಿ ಅದು 4ಜಿಯ ಆಸರೆಯಲ್ಲೇ ನಡೆಯುವ ಬಗೆಯದು, 4ಜಿ ಟವರ್ ಬದಲಾದಾಗ 5ಜಿ ಕೊಂಡಿ ಬಿಟ್ಟು ಮತ್ತೆ ಸೇರುವುದೂ ಉಂಟು. ರೈಲು ಹತ್ತಿದ ಕೂಡಲೇ ಸೆಟ್ಟಿಂಗ್‌ನಲ್ಲಿ 4ಜಿ ಮಾತ್ರ ಇಟ್ಟುಕೊಳ್ಳುತ್ತೇನೆ.

ಇಷ್ಟೆಲ್ಲ ತಿಳಿದ ಮೇಲೆ ಎರಡೂ ಸೆಲ್ ನಂಬರ್, ಕಟ್ ಆದ ಸಮಯ, ಸ್ಕ್ರೀನ್‌ಶಾಟ್ ಸಮೇತ ದೂರು ಕೊಟ್ಟೆ. ಬಂದ ಉತ್ತರ: "ನಿಮ್ಮ ಪ್ರದೇಶದಲ್ಲಿ ಸಿಗ್ನಲ್ ಸಮರ್ಪಕವಾಗಿದೆ." ಇದೆ, ಯಾರು ಇಲ್ಲ ಅಂದರು? ತಿರುವಿನ ಈಚೆಗೂ ಇದೆ, ಆಚೆಗೂ ಇದೆ. ದಾಟಿಸುವವರಿಲ್ಲ. ದೂರು ಮಾತ್ರ "ಪರಿಹರಿಸಲಾಗಿದೆ" ಎಂದು ಮುಚ್ಚಿಹೋಯಿತು.

ನೆಟ್‌ವರ್ಕಿಗೆ ಐದಕ್ಕೆ ನಾಲ್ಕು, ಸೇವೆಗೆ ಒಂದು. ಕೂತಲ್ಲೇ ಬಳಸುವವರು, ಊರೊಳಗೆ ಓಡಾಡುವವರು ಧೈರ್ಯವಾಗಿ ತೆಗೆದುಕೊಳ್ಳಿ. ಪೋರ್ಟ್ ಮಾಡಬಾರದೇ ಎಂದು ಕೇಳುವವರಿಗೆ: ನನ್ನ ಎದುರು ಸೀಟಿನವರದು ಬೇರೆ ಕಂಪನಿ, ಅವರ ಕಾಲ್ ಇದೇ ದಾರಿಯಲ್ಲಿ ಎರಡು ಕಡೆ ಕಟ್ ಆಗುತ್ತದೆ.