ಎಲುಬಿನ ಚೂರು ಎಣಿಸುವುದೋ, ಪ್ರಾಣಿ ಎಣಿಸುವುದೋ?

ಆದಿಮ ಬೇಟೆಗಾರರ ಊಟದಲ್ಲಿ ಜಿಂಕೆ ಎಷ್ಟು, ಮೊಲ ಎಷ್ಟು? ಅಗೆತದಲ್ಲಿ ಸಿಕ್ಕ ಎಲುಬುಗಳಿಂದ ಇದನ್ನು ಲೆಕ್ಕ ಹಾಕಲು ದಾರಿ ಎರಡು.

ಚೂರು ಎಣಿಕೆ ಸಲೀಸು: ಗುರುತು ಸಿಕ್ಕ ಪ್ರತಿ ತುಂಡೂ ಒಂದು. ಆದರೆ ಮಜ್ಜೆಗಾಗಿ ಜಜ್ಜಿದ ಒಂದೇ ತೊಡೆಮೂಳೆ ಹತ್ತು ಚೂರಾದರೆ ಜಿಂಕೆ ಲೆಕ್ಕ ಉಬ್ಬುತ್ತದೆ.

ಇನ್ನೊಂದು ಕನಿಷ್ಠ ಪ್ರಾಣಿ ಎಣಿಕೆ: ಸಿಕ್ಕ ಎಲುಬುಗಳಿಗೆ ಕಡಿಮೆಯೆಂದರೆ ಎಷ್ಟು ಪ್ರಾಣಿ ಬೇಕು ಎಂಬ ಲೆಕ್ಕ. ಇದಕ್ಕೆ ಎಡ–ಬಲ ಬೇರ್ಪಡಿಸಬೇಕು. ಹಿಂಗಾಲಿನ ಹರಡಿನ ಮೂಳೆ ಗಟ್ಟಿ, ಹೆಚ್ಚಾಗಿ ಇಡಿಯಾಗಿ ಉಳಿಯುತ್ತದೆ. ಎಡದ್ದು 7, ಬಲದ್ದು 5 ಸಿಕ್ಕರೆ ಕನಿಷ್ಠ 7 ಜಿಂಕೆ. ಎಡ–ಬಲದ ಗುರುತು ಹಿಡಿಯಲು ಬೆಂಗಳೂರಿನಲ್ಲಿ ಕಲಿಯುವವರು ರಸೆಲ್ ಮಾರ್ಕೆಟ್‌ನಲ್ಲಿ ಮೇಕೆಯ ಜೋಡಿ ಹಿಂಗಾಲನ್ನು ಕೊಚ್ಚಿಸದೆ ತನ್ನಿ, ಎಡಗಾಲಿಗೆ ದಾರ ಕಟ್ಟಿ ಬೇರೆ ಪಾತ್ರೆಯಲ್ಲೇ ಬೇಯಿಸಿ. ಈ ಎಣಿಕೆಗೆ ತೊಡಕೂ ಇದೆ: ಒಂದೇ ಹಲ್ಲು ಸಿಕ್ಕ ಮುಳ್ಳುಹಂದಿಯೂ ಇಡೀ ಪ್ರಾಣಿಯಾಗುತ್ತದೆ.

ಸಂಗ್ರಹ ಚಿಕ್ಕದಿದ್ದರೆ ನಮ್ಮ ಮತ ಚೂರು ಎಣಿಕೆಗೇ. ದೊಡ್ಡ ಕಣ್ಣಿನ ಜರಡಿಯಲ್ಲಿ ಮೀನು, ಇಲಿಗಳ ಎಲುಬು ಜಾರಿಹೋಗಿದ್ದರೆ ಎರಡೂ ಕೈಕೊಡುತ್ತವೆ.