ತಾಮ್ರ ಲೇಪನಕ್ಕೆ ಫೋನ್ ಚಾರ್ಜರ್, ಒಂಟಿ ಸೆಲ್, ಬೆಂಚ್ ಸಪ್ಲೈ: ಯಾವುದು ಸರಿ?

ಮೂರಕ್ಕೂ ತೊಟ್ಟಿ ಒಂದೇ. ಮೈಲುತುತ್ತ ಮತ್ತು ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಬೆರೆಸಿದ ನೀರು, ಪ್ಲಸ್ ಕಡೆ ತಾಮ್ರದ ತಗಡು, ಮೈನಸ್ ಕಡೆ ಹಿತ್ತಾಳೆಯ ತುಂಡು. ಬೆಂಚ್ ಸಪ್ಲೈ (ವೋಲ್ಟೇಜ್, ಕರೆಂಟ್ ಎರಡನ್ನೂ ಬೇಕಾದಷ್ಟಕ್ಕೆ ಹೊಂದಿಸಬಹುದಾದ ಮೇಜಿನ ಪವರ್ ಸಪ್ಲೈ) ಬಂದ ಮೇಲೆ ಉಳಿದೆರಡನ್ನು ನಾನು ಮುಟ್ಟಿಲ್ಲ. ಹಾಗಾಗಿ ನನ್ನ ಒಲವು ಯಾವ ಕಡೆ ಅಂತ ಗೊತ್ತಾಯ್ತಲ್ಲ.

ಮೊದಲು ಹಳೇ 5 ವೋಲ್ಟ್ ಚಾರ್ಜರ್. ಅದು ವೋಲ್ಟೇಜನ್ನು ಮಾತ್ರ ಹಿಡಿದಿಡುತ್ತದೆ. ಕರೆಂಟ್ ಎಷ್ಟು ಹರಿಯಬೇಕು ಅನ್ನೋದನ್ನು ತೊಟ್ಟಿಯೇ ತೀರ್ಮಾನಿಸುತ್ತದೆ. ತುಂಡು ತಗಡಿನ ಹತ್ತಿರ ಸರಿದರೆ ಕರೆಂಟ್ ಏರುತ್ತದೆ, ದ್ರಾವಣ ಬೆಚ್ಚಗಾದರೆ ಇನ್ನೂ ಏರುತ್ತದೆ. ಇಂಥ ಆಮ್ಲದ ತೊಟ್ಟಿಗೆ ಸಾಮಾನ್ಯವಾಗಿ ಒಂದೆರಡು ವೋಲ್ಟ್ ಸಾಕು. ಸಣ್ಣ ತುಂಡಿಗೆ 5 ಅಂದರೆ ಅತಿಯಾಯ್ತು.

ಆಗ ಅಂಚುಗಳಲ್ಲಿ ಕಡು ಕಂದು ಪುಡಿ ಕೂರುತ್ತದೆ. ಒರೆಸಿದರೆ ಬಟ್ಟೆಗೇ ಬರುತ್ತದೆ. ಮೇಲ್ಮೈ ಹತ್ತಿರದ ತಾಮ್ರದ ಅಯಾನುಗಳು ಬಂದು ಸೇರುವುದಕ್ಕಿಂತ ಬೇಗ ಖಾಲಿಯಾಗುತ್ತವೆ. ಮಿಕ್ಕ ಕರೆಂಟ್ ಹೈಡ್ರೋಜನ್ ಗುಳ್ಳೆ ಎಬ್ಬಿಸುತ್ತದೆ, ಲೋಹ ಗಟ್ಟಿಯಾಗಿ ಹಿಡಿಯುವುದಿಲ್ಲ. ಕರೆಂಟ್ ಮೂಲೆ, ಅಂಚುಗಳಲ್ಲೇ ಜಾಸ್ತಿ ಸೇರುವುದರಿಂದ ಸುಡುವುದೂ ಅಲ್ಲೇ ಮೊದಲು. ನಡುಭಾಗ ಚೆನ್ನಾಗಿ ಬಂದಿರುತ್ತದೆ, ಅದೇ ಹೊಟ್ಟೆ ಉರಿಸುವುದು!

ದ್ರಾವಣ ಕಲಕಿದೆ, ತಗಡನ್ನು ದೂರ ಸರಿಸಿದೆ. ಸ್ವಲ್ಪ ಸುಧಾರಿಸಿತು. ಆದರೆ ಬೇರೆ ಅಳತೆಯ ತುಂಡು ಇಳಿಸಿದರೆ ಮತ್ತೆ ಅದೇ ಗೋಳು. ಸಾಲಿನಲ್ಲಿ 10 ಓಮ್ ರೆಸಿಸ್ಟರ್ ಸೇರಿಸಿದರೆ ಕರೆಂಟ್ ಅರ್ಧ ಆಂಪಿಯರ್ ದಾಟುವುದಿಲ್ಲ. ಒಳ್ಳೇ ಉಪಾಯ, ಆದರೆ ಕಾಲು ವ್ಯಾಟಿನದು ಹಾಕಿದರೆ ಅದೇ ಸುಟ್ಟೀತು. 5 ವ್ಯಾಟಿನದು ಬೇಕು.

ಒಂದೂವರೆ ವೋಲ್ಟಿನ ಸೆಲ್: ಲೇಪನ ನುಣುಪು, ಕೆಲಸ ನಿಧಾನ. ಸೆಲ್ ಬಳಲಿದಂತೆ ಕರೆಂಟೂ ಇಳಿಯುತ್ತದೆ.

ಬೆಂಚ್ ಸಪ್ಲೈನಲ್ಲಿ ನಾನು ಹಿಡಿದಿಡುವುದು ಕರೆಂಟನ್ನು. ತುಂಡಿನ ಮೇಲ್ಮೈ ಅಳೆದು, ಒಂದು ಚದರ ಡೆಸಿಮೀಟರಿಗೆ 2 ಆಂಪಿಯರ್ ಲೆಕ್ಕದಲ್ಲಿ ಇಡುತ್ತೇನೆ. ಬೇಕಾದ ವೋಲ್ಟೇಜನ್ನು ಅದೇ ಹೊಂದಿಸಿಕೊಳ್ಳುತ್ತದೆ. ಫ್ಯಾರಡೆ ನಿಯಮದಂತೆ 1 ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 1.19 ಗ್ರಾಂ ತಾಮ್ರ. ಅದು ಒಂದು ಚದರ ಡೆಸಿಮೀಟರ್ ಮೇಲೆ ಸಮನಾಗಿ ಹರಡಿದರೆ ಸುಮಾರು 13 ಮೈಕ್ರಾನ್ ದಪ್ಪ. ಈ ಲೆಕ್ಕದಲ್ಲಿ ವೋಲ್ಟೇಜ್ ಎಲ್ಲೂ ಬರುವುದೇ ಇಲ್ಲ, ಅಲ್ವಾ? ನನಗೆ ಅದು ಬರೀ ಸೂಚನೆ. ಇದ್ದಕ್ಕಿದ್ದಂತೆ ಏರಿದರೆ ಕ್ಲಿಪ್ ಕಿಲುಬು ಹಿಡಿದಿದೆ, ಇಲ್ಲವೇ ತಗಡಿನ ಮೇಲೆ ಪದರ ಕಟ್ಟಿದೆ ಅಂತ ನೋಡುತ್ತೇನೆ.

ಫ್ಯಾನ್ ಸದ್ದು ಮಾತ್ರ ಕಿರಿಕಿರಿ.

ಅಪರೂಪಕ್ಕೊಂದು ತುಂಡು ಮಾಡುವವರು ಸುಮ್ನೆ ದುಡ್ಡು ಸುರಿಯಬೇಡಿ, ಚಾರ್ಜರ್ ಜೊತೆ ರೆಸಿಸ್ಟರ್ ಸಾಕು. ನನಗೆ ಪ್ರತಿ ಸಲ ಬೇರೆ ಬೇರೆ ಅಳತೆ, ಅದಕ್ಕೇ ಬೆಂಚ್ ಸಪ್ಲೈ. ಕೊಳ್ಳುವಾಗ ವೋಲ್ಟ್ ಜಾಸ್ತಿ ಇದೆಯಾ ಅಂತ ನೋಡಬೇಡಿ. ಕರೆಂಟನ್ನು ನೂರನೇ ಒಂದು ಆಂಪಿಯರ್‌ವರೆಗೆ ತೋರಿಸುತ್ತದಾ ನೋಡಿ. ಉಂಗುರದಷ್ಟು ಸಣ್ಣ ತುಂಡಿಗೆ ಬೇಕಾಗುವುದು 0.1, 0.2 ಆಂಪಿಯರ್ ಅಷ್ಟೇ.