ಹ್ಯಾಮ್‌ವೆನ್ಷನ್‌ಗೆ ಹೋದರೆ ರಾತ್ರಿ ಮಲಗೋದೆಲ್ಲಿ: ಟೆಂಟೋ, ವ್ಯಾನೋ, ಹೋಟೆಲೋ?

ಅಮೆರಿಕದ ಓಹಾಯೋ ರಾಜ್ಯದ ಝೀನಿಯಾದಲ್ಲಿ ಮೇ ತಿಂಗಳ ಒಂದು ವಾರಾಂತ್ಯ ಹ್ಯಾಮ್ ರೇಡಿಯೋದವರ, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರ, ದೊಡ್ಡ ಜಾತ್ರೆ. ಅದೇ ಹ್ಯಾಮ್‌ವೆನ್ಷನ್. 2017ರಿಂದ ಅಲ್ಲೇ ನಡೆಯುತ್ತಿದೆ. ಬಯಲಿನ ಹಳೆ ಸಾಮಾನಿನ ಸಂತೆಗೆ ಬೆಳಗ್ಗೆ ಬೇಗ ಹೋದವರಿಗೇ ಒಳ್ಳೆಯ ಮಾಲು. ಹಾಗಾಗಿ ರಾತ್ರಿ ನಿದ್ದೆ ಸರಿಯಾಗಬೇಕು.

ಟೆಂಟ್ ಅಗ್ಗ. ಹತ್ತಿರದ ಸೀಸರ್ ಕ್ರೀಕ್ ಸ್ಟೇಟ್ ಪಾರ್ಕಿನಲ್ಲಿ ಕರೆಂಟ್ ಇರುವ ಜಾಗ ಸಿಗುತ್ತದೆ. ಆದರೆ ಮೇ ಅಂದರೆ ಅಲ್ಲಿ ನಮ್ಮೂರಿನ ಸೆಕೆ ಅಲ್ಲ. ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯಬಹುದು, ಗುಡುಗು ಮಳೆಯೂ ಮಾಮೂಲು. ಬರೀ ಗಾಳಿ ಹಾಸಿಗೆಯಾದರೆ ಕೆಳಗಿನಿಂದ ಚಳಿ ಹತ್ತುತ್ತದೆ. ಅದರ ಮೇಲೊಂದು ಫೋಮ್ ಹಾಸು ಬೇಕೇ ಬೇಕು.

ವ್ಯಾನಿನಲ್ಲಿ ಮಳೆಯ ಚಿಂತೆಯಿಲ್ಲ. ಕಿಟಕಿ ಎರಡು ಬೆರಳಷ್ಟು ತೆರೆದಿಡಿ, ಇಲ್ಲದಿದ್ದರೆ ಉಸಿರಿನ ತೇವಕ್ಕೆ ಗಾಜೆಲ್ಲ ಒದ್ದೆ. ಚಳಿ ಅಂತ ಎಂಜಿನ್ ಚಾಲೂ ಇಟ್ಟು ಮಲಗಲೇಬೇಡಿ. ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಇನ್ನೊಂದು ತೊಂದರೆ ಇದೆ: ಸಂಜೆ ಹೊತ್ತಿಗೆ ನೀವು ಕೊಂಡ ರೇಡಿಯೋ, ಆಂಟೆನಾಗಳೇ ನಿಮ್ಮ ಹಾಸಿಗೆಯ ಮೇಲೆ ಮಲಗಿರುತ್ತವೆ, ಅಲ್ವಾ?

ಹೋಟೆಲ್ ಬೇಕಿದ್ದರೆ ಹತ್ತಿರದ ಊರುಗಳಾದ ಡೇಟನ್, ಬೀವರ್‌ಕ್ರೀಕ್ ಕಡೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ. ದುಡ್ಡು ಜಾಸ್ತಿ. ಆದರೂ ಬೆನ್ನುನೋವಿನವರಿಗೆ, ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಇದೇ ಸರಿ. ಒಬ್ಬರೇ ಹೋದರೆ ನನ್ನ ಓಟು ವ್ಯಾನಿಗೆ.